ಕಿತ್ತಳೆ ದಾರದ ಹೂಗಳು

2015, ಜನವರಿ 28. ರಾಯದುರ್ಗ

…ಹೂವು ಕಾಯಿ ಕಟ್ಟದೆ ಖಾಲಿ ಬಂದರೆ ಯಾರನ್ನು ಬೈಯುತ್ತಾರೆ ಎಂದು ಕೇಳಿದಳೋ, ಬೈಯುವವರು ಯಾರು ಎಂದು ಕೇಳಿದಳೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಬಸ್ಸು ಕಲ್ಯಾಣದುರ್ಗ ದಾಟಿತ್ತು. ಸಂಧ್ಯಾ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ್ದರಿಂದ ಅರ್ಧ ಮಾತು ಗಾಳಿಗೆ ಹೋಯಿತು. ನಾನು "ಆಮೇಲೆ ಹೇಳ್ತೀನಿ" ಎಂದೆ. ಆಮೇಲೆ ಬಸ್‌ಸ್ಟ್ಯಾಂಡು, ಆಟೋ, ಗಂಟುಮೂಟೆ. ಹೇಳುವುದು ಉಳಿಯಿತು.

ಇಬ್ಬರೂ ಹೇಮಾವತಿ ಹತ್ತಿರದ ಒಂದೇ ಊರಿನವರು, ಒಂದೇ ಬೆಂಚಿನವರು. ಹತ್ತನೆಯ ತರಗತಿ ಮುಗಿದ ಮೇಲೆ ನಾನು ಮಡಕಶಿರದ ಕಾಲೇಜಿನ ಬಸ್ಸು ಹತ್ತಿದೆ, ಅವಳು ಹಿಂದೂಪುರದ ಗಾರ್ಮೆಂಟ್ಸ್ ವ್ಯಾನು ಹತ್ತಿದಳು. ಬೆಳಿಗ್ಗೆ ಎರಡೂ ಒಂದೇ ಹುಣಸೆಮರದ ಕೆಳಗೆ ನಿಲ್ಲುತ್ತಿದ್ದವು. ಈ ಸಂಕ್ರಾಂತಿಗೆ ಅವಳು ಕೆಲಸ ಬಿಟ್ಟಳು. ಏಕೆಂದು ನಾನು ಕೇಳಲಿಲ್ಲ. ನನಗೆ ಒಬ್ಬರು ಬೇಕಾಗಿದ್ದರು. ನಂಬಬಹುದಾದವರು, ಹೂವನ್ನು ಮುರಿಯದೆ ಮುಟ್ಟಬಲ್ಲವರು. ಬಾ ಎಂದೆ, ಬಂದಳು.

ಅನ್ನದಾನಮ್ಮನವರ ಮನೆಯ ಹಿಂದಿನ ಕೋಣೆ ನಮ್ಮದು. ಮುಂದಿನ ಹಾಲಿನಲ್ಲಿ ಸಾಲಾಗಿ ಮಷೀನುಗಳು, ರಾಶಿ ರಾಶಿ ಜೀನ್ಸ್ ಪ್ಯಾಂಟು. ನೆಲ, ಗೋಡೆ, ದೇವರ ಫೋಟೋದ ಮೇಲೆಲ್ಲ ನೀಲಿ ನೂಲಿನ ಧೂಳು.

"ಏನು ಓದಾಕ ಬಂದೀರಿ ತಂಗಿ?"

"ಜೇನು ಅಮ್ಮಾ. ದಾಳಿಂಬೆ ಹೂವಿಗೆ ಬರೋ ನಮ್ಮ ಕಡೆಯ ಜೇನು."

"ಜೇನು ಓದೂದಾ? ಕಡೀತಾವಲ್ಲ."

"ಇವಳಿಗೆ ಕಡಿಯಲ್ಲ ಬಿಡಮ್ಮಾ. ವರ್ಸದಿಂದ ಅವುಗಳ ಹಿಂದೇನೇ ತಿರುಗ್ತಾವ್ಳೆ, ಪರಿಚಯ ಆಗೈತೆ," ಎಂದಳು ಸಂಧ್ಯಾ.

ಜನವರಿ 31

ಸೊಳ್ಳೆ ಪರದೆಯ ಬಟ್ಟೆ ತಂದು ಚೀಲ ಹೊಲಿಸುತ್ತಿದ್ದೇನೆ. ಹೊಲಿಸುತ್ತಿದ್ದೇನೆ ಎನ್ನುವುದು ತಪ್ಪು, ನಾನು ಕೂತು ನೋಡುತ್ತಿದ್ದೇನೆ. ಅನ್ನದಾನಮ್ಮನವರ ಮಷೀನಿನಲ್ಲಿ ಕೂತ ಸಂಧ್ಯಾ ಬೇರೆಯೇ ಹೆಂಗಸು. ಬೆನ್ನು ನೆಟ್ಟಗೆ, ತುಟಿ ಬಿಗಿ. ಕುತ್ತಿಗೆಗೆ ಕಟ್ಟಿಕೊಂಡ ಪುಟ್ಟ ಕತ್ತರಿಗೆ ಅವಳು ಟ್ರಿಮ್ಮರ್ ಎನ್ನುತ್ತಾಳೆ. ಒಂದು ಚೀಲ ಮುಗಿದ ಕೂಡಲೇ ಅದರಿಂದ ದಾರದ ತುದಿಯನ್ನು ಬಟ್ಟೆಯ ಅಂಚಿಗೇ ಕತ್ತರಿಸುತ್ತಾಳೆ.

"ಇಷ್ಟು ನೀಟಾಗಿ ಯಾಕೆ? ಹೂವಿಗೆ ಕಟ್ಟೋದು."

"ತುದಿ ಬಿಟ್ರೆ ಪೀಸು ವಾಪಸ್ ಬತ್ತದೆ ಕಣೆ. ಚೆಕಿಂಗ್ ಟೇಬಲ್ಲಲ್ಲಿ ಕೂತವ್ಳಿಗೆ ತುದಿ ಕಂಡ್ರೆ ಕೈ ಸುಮ್ನಿರಲ್ಲ."

ಅನ್ನದಾನಮ್ಮ ಚೀಲವೊಂದನ್ನು ಬೆಳಕಿಗೆ ಹಿಡಿದು ನೋಡಿದರು. "ಹೂವಿಗೆ ಪ್ಯಾಂಟು ಹೊಲಿಯಾಕ ಹತ್ತೀರಲ್ಲವ್ವಾ. ಜಿಪ್ಪು ಇಡ್ರಿ ಒಂದು."

ಕಟ್ಟುವುದಕ್ಕೆ ದಾರವೂ ಅವರದೇ. ಜೀನ್ಸ್ ಹೊಲಿಗೆಯ ಕಿತ್ತಳೆ ದಾರ ಬಿಸಿಲಿಗೆ ಬಣ್ಣ ಬಿಡುವುದಿಲ್ಲವಂತೆ.

ಫೆಬ್ರುವರಿ 3. ಬೆಳುಗುಪ್ಪ

ಕೊಟ್ರಬಸಪ್ಪನವರ ದಾಳಿಂಬೆ ತೋಟ. ಬೇಲಿಯ ಹೊಂಗೆಯಲ್ಲಿ ಕೋಲುಜೇನಿನ ಎರಿಗಳು, ಅಂಗೈಯಗಲದವು. ಹಾಳು ಬಾವಿಯ ಕಲ್ಲುಸಂದಿನಲ್ಲಿ ನಸರಿ, ಕಡಿಯದ ಪುಟ್ಟ ಜೇನು. ಸಾಕಿದ ಪೆಟ್ಟಿಗೆ ಜೇನು ಸುತ್ತ ಎಲ್ಲಿಯೂ ಇಲ್ಲ. ನನಗೆ ಬೇಕಾದದ್ದು ಇಂಥದೇ ಜಾಗ. ಯಾರೂ ತಂದಿಡದ, ಯಾರೂ ಲೆಕ್ಕಕ್ಕೆ ಹಿಡಿಯದ ಈ ಹುಳುಗಳಿಂದಲೇ ಇಲ್ಲಿ ಕಾಯಿ ಕಟ್ಟುತ್ತದೆ ಎಂದು ತೋರಿಸಬೇಕು. ಅದಕ್ಕೆ ಈ ಒಂದು ಹೂಗಾಲ ಮಾತ್ರ ಉಳಿದಿದೆ. ನನಗೆ ಕೊಟ್ಟಿದ್ದ ಹೆಚ್ಚುವರಿ ವರ್ಷ ಜೂನ್‌ಗೆ ಮುಗಿಯುತ್ತದೆ.

"ಹೂವು ಮುಗಿಯೋ ತನಕ ಎಣ್ಣಿ ಹೊಡೀಬ್ಯಾಡ ಅಂದೀರಿ, ಹೊಡಿಯಂಗಿಲ್ಲ," ಎಂದರು ಕೊಟ್ರಬಸಪ್ಪ. ಈ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. "ಮಾತು ಅಂದ್ರ ಮಾತು. ಆದ್ರ ನುಸಿ ಬಂದ್ರ, ಅದಕ್ಕೂ ನೀವ ಒಂದು ಮಾತು ಹೇಳಬೇಕ್ರಿ ಮೇಡಮ್ಮರ, ಓದಿದಾವ್ರು ಅದೀರಿ."

ಕೊಂಬೆಗಳಿಗೆ ದಾರ ಕಟ್ಟಿದೆವು. ಬಿಳಿ ದಾರದವು ತೆರೆದೇ ಇರುತ್ತವೆ, ಜೇನು ಬಂದಷ್ಟು ಬರಲಿ. ನೀಲಿ ದಾರದವಕ್ಕೆ ನಾವೇ ಗಂಡು ಹೂವು ಕಿತ್ತು ತಂದು ಉಜ್ಜುತ್ತೇವೆ. ಕಿತ್ತಳೆ ದಾರದವಕ್ಕೆ ಮೊಗ್ಗಿರುವಾಗಲೇ ಚೀಲ. ಜೇನೂ ಇಲ್ಲ, ಕೈಯೂ ಇಲ್ಲ. ಅವು ಬಹುಪಾಲು ಉದುರಬೇಕು. ತಾವಾಗಿಯೇ ಅಲ್ಲೊಂದು ಇಲ್ಲೊಂದು ಕಟ್ಟಬಹುದು, ಅದಕ್ಕಿಂತ ಹೆಚ್ಚು ಕೂಡದು. ಬಿಳಿಯದಕ್ಕೂ ಕಿತ್ತಳೆಯದಕ್ಕೂ ನಡುವೆ ಎಷ್ಟು ಅಂತರವೋ ಅಷ್ಟೇ ನನ್ನ ಥೀಸಿಸ್.

ಉಜ್ಜುವುದನ್ನು ಸಂಧ್ಯಾಗೆ ಕಲಿಸಿದೆ. ಒಂದೇ ಸಲಕ್ಕೆ ಕಲಿತಳು.

"ಕಿತ್ತಳೆಯವು?"

"ಅವನ್ನ ಮುಟ್ಟಬಾರದು."

"ಜೇನು ಬರದೆ ಹೋದ್ರೆ ಕಾಯಿ ಆಗಲ್ಲ ಅಲ್ವೇನೇ?"

"ಆಗಲ್ಲ."

"ಮತ್ತೆ?"

"ಮತ್ತೇನಿಲ್ಲ. ಮುಟ್ಟಬೇಡ."

ಆಗ ನಸರಿಯೊಂದು ಹೂವಿನೊಳಗೆ ಇಳಿಯುತ್ತಿತ್ತು. ಕತ್ತು ತಿರುಗಿಸಿದರೆ ಅದನ್ನು ಕಳೆದುಕೊಳ್ಳುತ್ತಿದ್ದೆ.

ಫೆಬ್ರುವರಿ 9. ಬೆಳುಗುಪ್ಪ

ಸುಖದ ದಿನ. ಬಿಸಿಲೇರುವ ಮುಂಚೆ ಜೇನು ದಟ್ಟವಾಗಿ ಬಂದಿತ್ತು. ಸಂಧ್ಯಾ ಅವಕ್ಕೆಲ್ಲ ಫ್ಯಾಕ್ಟರಿಯ ಹುದ್ದೆ ಕೊಟ್ಟಿದ್ದಾಳೆ. ಕೋಲುಜೇನು ಟೈಲರುಗಳಂತೆ, ಒಂದು ಹೂವೂ ಬಿಡದೆ ಸಾಲಾಗಿ ಹೋಗುತ್ತವೆ. ನಸರಿ ಹೆಲ್ಪರುಗಳು. ದೊಡ್ಡ ಕರಿ ದುಂಬಿ ಸೂಪರ್‌ವೈಸರು.

"ನೋಡು, ಗುಂಯ್ ಅಂತ ಬಂದ. ಕೆಲ್ಸ ಏನೂ ಇಲ್ಲ, ಎಲ್ಲಾರ್ನೂ ಎಬ್ಬಿಸ್ತಾನೆ, ಓಯ್ತಾನೆ."

ನಾನು ನಕ್ಕೆ. ದುಂಬಿಯೂ ಪರಾಗ ಒಯ್ಯುತ್ತದೆ ಎಂದು ತಿದ್ದಿದೆ. ಅವಳು "ಸೂಪರ್‌ವೈಸರ್ ಕಡೆಯೋಳು ನೀನು" ಎಂದಳು.

ಫೆಬ್ರುವರಿ 12. ರಾಯದುರ್ಗ

ಗೈಡ್ ಲಕ್ಷ್ಮೀನರಸಪ್ಪ ಸರ್ ಫೋನ್ ಮಾಡಿದ್ದರು. ಸಿಗ್ನಲ್ ಸರಿಯಿಲ್ಲದೆ ಸ್ಪೀಕರ್ ಹಾಕಿ ಹಿತ್ತಲಿನ ಕಟ್ಟೆಯ ಮೇಲಿಟ್ಟಿದ್ದೆ. ಹೋದ ವರ್ಷ ಬೇರೆ ತೋಟದಲ್ಲಿ, ಹೂಗಾಲದ ನಡುವೆ ರೈತ ಎಣ್ಣೆ ಹೊಡೆದು ಏನೂ ಸಿಗದೆ ಹೋದದ್ದನ್ನು ಮತ್ತೆ ಎತ್ತಿದರು. ಅವರ ಕನ್ನಡದಲ್ಲಿ ಸಿಟ್ಟು ಬಂದಾಗ ತೆಲುಗು ಹೆಚ್ಚುತ್ತದೆ. "ಈ ಸಲವೂ ಖಾಲಿ ತಗೊಂಡು ಬಂದ್ರೆ ನಾನೇನೂ ಚೇಯಲೇನು, ಮಾಡಕ್ಕಾಗಲ್ಲ ಅಮ್ಮಾ. ಕಮಿಟಿ ಮುಂದೆ ನಿಲ್ಲೋದು ನೀನು, ನಾನಲ್ಲ."

ಸಂಧ್ಯಾ ಬಟ್ಟೆ ಒಗೆಯುತ್ತಿದ್ದಳು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಒಂದೇ ಲಂಗವನ್ನು ಉಜ್ಜಿದಳು. ಆಮೇಲೆ, ನಾನು ಕೇಳದೆಯೇ, ಕೆಲಸ ಬಿಟ್ಟದ್ದು ಏಕೆಂದು ಹೇಳಿದಳು. ಚೆಕಿಂಗ್ ಟೇಬಲ್ಲಿನಲ್ಲಿ ಕೂತು ಅವಳು ಪಾಸ್ ಮಾಡಿ ಕಳಿಸಿದ ಒಂದು ಲಾಟು ವಾಪಸ್ ಬಂತಂತೆ. ಕೆಟ್ಟ ಪೀಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಸಿ ಅವಳನ್ನು ಲೈನಿನ ಮುಂದೆ ನಿಲ್ಲಿಸಿದರಂತೆ, ಊಟದ ಗಂಟೆ ಹೊಡೆಯುವವರೆಗೆ.

"ಎಲ್ಲಾರೂ ತಲೆ ಬಗ್ಗಿಸ್ಕಂಡು ಹೊಲೀತಾ ಇದ್ರು. ಒಬ್ರೂ ನೋಡ್ಲಿಲ್ಲ. ಅದೇ ಕಣೆ ತಡ್ಯಕ್ಕಾಗ್ಲಿಲ್ಲ."

"ಮೊದಲೇ ಸರಿಯಾಗಿ ನೋಡಬೇಕಿತ್ತು" ಎಂದೆ. ಅನ್ನಬಾರದಿತ್ತೇನೋ. ಅವಳು ಹೌದೆಂದು ತಲೆಯಾಡಿಸಿದಳು. ಕೆಟ್ಟ ಪೀಸು ಕಂಡರೆ ಚೆಕಿಂಗಿನ ಹೆಂಗಸರು ಕೆಲವೊಮ್ಮೆ ಹೊಲಿದವಳ ಹೆಸರು ಬರೆಯುವುದಿಲ್ಲವಂತೆ. ಮೇಜಿನ ಕೆಳಗೆ ಇಟ್ಟುಕೊಂಡು ತಾವೇ ಬಿಚ್ಚಿ, ತಾವೇ ಹೊಲಿದು, ಒಳ್ಳೆಯದರ ಜೊತೆಗೆ ಸೇರಿಸುತ್ತಾರಂತೆ. ಅದಕ್ಕೆ ಅವರ ಮಾತು ಆಲ್ಟರ್.

"ಹೊಲಿದವಳಿಗೆ ಹೇಳ್ತೀರಾ?"

"ಹೇಳಿದ್ರೆ ಆಲ್ಟರ್ ಮಾಡಿ ಏನು ಬಂತು?"

ಫೆಬ್ರುವರಿ 22. ಊರು

ಯೂನಿವರ್ಸಿಟಿಯಲ್ಲಿ ಸೆಮಿನಾರು ಮುಗಿಸಿ ಊರಿಗೆ ಬಂದೆ. ಅಮ್ಮನಿಗೆ ಕಾಲುನೋವು. ರೇಷ್ಮೆ ಹುಳು ಮೂರನೇ ಜ್ವರದಲ್ಲಿವೆ, ಪೊರೆ ಬಿಡುವ ಹೊತ್ತು, ಮನೆಯಲ್ಲಿ ಜೋರಾಗಿ ಮಾತಾಡುವಂತಿಲ್ಲ. ತೋಟ ಯಾರು ನೋಡ್ಕಂತಾರೆ ಎಂದು ಅಮ್ಮ ಪಿಸುಗುಟ್ಟಿದಳು. ಸಂಧ್ಯಾ ಎಂದೆ. "ಹಂಗಾದ್ರೆ ಚಿಂತೆ ಇಲ್ಲ. ಹರಿದಿದ್ದು ಕೊಟ್ರೂ ಹೊಸದು ಮಾಡಿ ಕೊಡ್ತಾಳೆ ಅವ್ಳು."

ನನಗೂ ಚಿಂತೆ ಇಲ್ಲ.

ಮಾರ್ಚ್ 1. ಬೆಳುಗುಪ್ಪ

ಕಿತ್ತಳೆ ದಾರದ ಕೊಂಬೆಗಳಲ್ಲಿ ಕಾಯಿ ಕಟ್ಟಿದೆ.

ಒಂದೆರಡಲ್ಲ. ಚೀಲ ಚೀಲದೊಳಗೂ ಗೋಲಿಯಂಥ ಕಾಯಿ, ತಲೆಯ ಮೇಲೆ ಒಣಗಿದ ಕಿರೀಟ. ಬಿಳಿ ದಾರದವಕ್ಕಿಂತ ಗಟ್ಟಿ, ಗುಂಡು. ಮೊದಲು ನನಗೆ ಚೆಂದ ಕಂಡವು. ಅದೇ ನಾಚಿಕೆ, ಒಂದು ಕ್ಷಣ ಚೆಂದ ಕಂಡವು.

ಪರದೆ ಹರಿದಿಲ್ಲ. ಇರುವೆ ಹತ್ತಿದ ಗುರುತಿಲ್ಲ. ಬಾಯಿಕಟ್ಟು ಹಾಗೆಯೇ ಇದೆ. ಹಾಗಿದ್ದರೆ ಯಾರೋ ಬಿಚ್ಚಿದ್ದಾರೆ, ಉಜ್ಜಿದ್ದಾರೆ, ಮತ್ತೆ ಕಟ್ಟಿದ್ದಾರೆ. ಯಾವುದು ತಾನಾಗಿ ಕಟ್ಟಿದ್ದು, ಯಾವುದು ಉಜ್ಜಿದ್ದು ಎಂದು ಇನ್ನು ದೇವರಿಗೂ ತಿಳಿಯದು. ಅಂತರ ಹೋಯಿತು. ಜೇನು ಬಂದರೂ ಒಂದೇ, ಬಾರದಿದ್ದರೂ ಒಂದೇ ಎಂದು ಈ ತೋಟ ಹೇಳುತ್ತಿದೆ.

ಸಂಧ್ಯಾ ಹಿಂದೆ ನಿಂತಿದ್ದಳು. "ಚೆನ್ನಾಗಿ ಬಂದವೆ ಅಲ್ವೇನೇ?" ಎಂದಳು. ನಾನು ಮುಂದಿನ ಕೊಂಬೆಗೆ ಹೋದೆ. ನನ್ನ ಮುಖ ನೋಡಿ ಅವಳು ಹಿಂದೆಯೇ ಉಳಿದಳು.

ಮಾರ್ಚ್ 2

ಕೊಟ್ರಬಸಪ್ಪನಲ್ಲದೆ ಇನ್ಯಾರು? ಕಾಯಿ ಬೇಕಾದವನು ಅವನೇ. ಚೀಲದೊಳಗೆ ಹೂವು ಉದುರುವುದನ್ನು ನೋಡಿ ಹೊಟ್ಟೆ ಉರಿದಿರಬೇಕು.

ಬೆಳಿಗ್ಗೆ ಪಂಪಿನ ಹತ್ತಿರ ಸಿಕ್ಕಿದರು. ನಾನು ನಿಧಾನವಾಗಿಯೇ ಶುರು ಮಾಡಿದೆ. ನಡುವೆ ಎಲ್ಲಿಯೋ ದನಿ ಏರಿತು.

"ಮಾತು ಅಂದ್ರೆ ಮಾತು ಅಂದಿದ್ರಿ."

"ಹೌದ್ರಿ. ಅಂದೀನಿ."

"ಚೀಲಕ್ಕೆ ಯಾಕೆ ಕೈ ಹಾಕಿದ್ರಿ?"

"ನಾ ಯಾವ ಚೀಲಕ್ಕೂ ಕೈ ಹಚ್ಚಿಲ್ರಿ."

"ಹಾಗಿದ್ರೆ ಚೀಲದೊಳಗೆ ಕಾಯಿ ಗಾಳಿಗೆ ಬಂತಾ?"

ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. "ನೋಡ್ರಿ ಮೇಡಮ್ಮರ. ಹೂವು ತುಂಬ ನುಸಿ ಬಿದ್ದಾವ. ಊರು ಮಂದಿ ಎಲ್ಲಾ ಎರಡೆರಡು ಸಲ ಎಣ್ಣಿ ಹೊಡದಾರ. ನಾ ಒಬ್ಬಾಕಿ ಹುಡುಗಿಗೆ ಮಾತು ಕೊಟ್ಟೀನಂತ ಕುಂತೀನಿ. ಮನಿಯಾಗ ನಗ್ತಾರ ನನ್ನ ನೋಡಿ. ಅಂಥಾದ್ರಾಗ ನೀವು ನನ್ನ ಕಳ್ಳ ಅಂತೀರಿ. ಯಾಕ ಅಂತೀರಿ ಅಂತ ಕೇಳಾಕೂ ನನಗ ಮನಸ್ಸಿಲ್ಲ."

ಕಳ್ಳ ಎಂಬ ಮಾತು ನಾನು ಬಳಸಿರಲಿಲ್ಲ. ಬಳಸಿಲ್ಲ ಎಂದು ಹೇಳಿದೆ.

"ಬಾಯಾಗಿಂದ ಬಂದಿಲ್ಲ ಅಷ್ಟ."

ಸಂಧ್ಯಾ ಅಲ್ಲೇ ಇದ್ದಳು. ಪಂಪಿನ ಮನೆಯ ಗೋಡೆಗೆ ಒರಗಿ, ಕುತ್ತಿಗೆಯ ಟ್ರಿಮ್ಮರನ್ನು ಬೆರಳಲ್ಲಿ ಹೊರಳಿಸುತ್ತ ನಿಂತಿದ್ದಳು. ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು.

ಮಾರ್ಚ್ 3

ಎಣ್ಣೆ ಹೊಡೆದರು.

ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ವಾಸನೆ ರಸ್ತೆಯವರೆಗೆ ಬಂದಿತ್ತು. ಗಿಡದ ಬುಡಗಳಲ್ಲಿ ಕೋಲುಜೇನು, ಕೆಲವು ಇನ್ನೂ ಗಿರಗಿರ ಸುತ್ತುತ್ತಿದ್ದವು. ಹೊಂಗೆಯ ಎರಿಗಳಲ್ಲಿ ಮರಿಗಳ ಮೇಲೆ ಮುಚ್ಚಿ ಕೂರುವವರಿಲ್ಲದೆ ಬಿಳಿ ಕೋಣೆಗಳು ಕಾಣುತ್ತಿದ್ದವು. ಬಾವಿಯ ನಸರಿ ಹೊರಗೆ ಬಂದಿರಲಿಲ್ಲ. ಬದುಕಿರಬಹುದು.

ಕೊಟ್ರಬಸಪ್ಪ ದೂರದಿಂದ ನೋಡಿದರು. ಬಚ್ಚಿಟ್ಟುಕೊಳ್ಳಲಿಲ್ಲ.

ಸಂಧ್ಯಾ ಸೆರಗಿನಲ್ಲಿ ಸತ್ತ ಜೇನು ಆರಿಸತೊಡಗಿದಳು. ಯಾಕೆ ಎಂದೆ. "ತುಳೀತೀವಲ್ಲೇ" ಎಂದಳು.

ಮಾರ್ಚ್ 4

ಇವತ್ತು ಸುಮ್ಮನೆ ಒಂದು ಕೊಂಬೆಯ ಮುಂದೆ ಕೂತಿದ್ದೆ. ಮಾಡುವುದು ಏನೂ ಇರಲಿಲ್ಲ.

ಚೀಲದ ಬಾಯಿ ಕಟ್ಟುವಾಗ ನಾನು ಕಿತ್ತಳೆ ದಾರದ ತುದಿಯನ್ನು ಉದ್ದಕ್ಕೆ ಬಿಡುತ್ತೇನೆ, ಬಿಚ್ಚಲು ಸುಲಭವೆಂದು. ನಾನು ಕಟ್ಟಿದ ಒಂದೊಂದಕ್ಕೂ ಬೆಕ್ಕಿನ ಮೀಸೆಯಂಥ ಎರಡು ತುದಿ ಇರಬೇಕು.

ಇಲ್ಲ. ಗಂಟಿನ ಅಂಚಿಗೇ ಕತ್ತರಿಸಿದೆ. ಎಲ್ಲವನ್ನೂ. ಎಷ್ಟು ನೀಟಾಗಿ.

ಮಾರ್ಚ್ 5. ರಾಯದುರ್ಗ

ಕೇಳಿದೆ. ಅವಳು ಇಲ್ಲ ಎನ್ನಲಿಲ್ಲ. ಇಲ್ಲ ಎಂದಿದ್ದರೆ ನಂಬಲು ನಾನು ಸಿದ್ಧಳಿದ್ದೆ ಎಂದು ಈಗ ಅನಿಸುತ್ತದೆ.

"ಹೂಂ ಕಣೆ. ನಾನೇ."

"ಮುಟ್ಟಬೇಡ ಅಂದಿದ್ದೆ."

"ಅಂದಿದ್ದೆ."

"ಮತ್ತೆ?"

ಅನ್ನಕ್ಕೆ ಇಟ್ಟ ಎಸರನ್ನು ನೋಡುತ್ತ ಹೇಳಿದಳು. "ಅವ್ರು ಫೋನಲ್ಲಿ ಅಂದ್ರಲ್ಲ, ಖಾಲಿ ತಂದ್ರೆ ನಿಲ್ಲಬೇಕು ಅಂತ. ದಿನಾ ನೋಡ್ತಿದ್ದೆ, ಕಿತ್ತಳೆಯವೆಲ್ಲಾ ಉದುರ್ತಾ ಇದ್ವು. ನೀನು ಸೆಮಿನಾರಿಗೆ ಹೊಂಟೋದೆ. ಬಿಳಿಯವು ಒಳ್ಳೆ ಪೀಸು, ಇವು ಡ್ಯಾಮೇಜು. ನಿನ್ ಹೆಸ್ರೇ ಐತೆ ಎಲ್ಲದರ ಮ್ಯಾಲೂ. ನಿನ್ನ ನಿಲ್ಲಿಸ್ಬಾರ್ದು ಅಂತ ಅಂದ್ಕಂಡೆ."

"ಅವು ಖಾಲಿ ಇರಬೇಕಿತ್ತು ಸಂಧ್ಯಾ. ಖಾಲಿ ಇರೋದೇ ಅದರ ಕೆಲಸ."

"ಅದನ್ನ ಈಗ ಹೇಳ್ತಾ ಇದ್ದೀಯ."

"ಕೇಳಬೇಕಿತ್ತು."

"ಬಸ್ಸಲ್ಲಿ ಕೇಳ್ದೆ. ತೋಟದಲ್ಲಿ ಕೇಳ್ದೆ. ಆಮೇಲೆ ಹೇಳ್ತೀನಿ ಅಂದೆ. ನಂಗೆ ಅರ್ಥ ಆಗಲ್ಲ ಅಂತ ನೀನು ಬಿಟ್ಟೆ ಅಂದ್ಕಂಡೆ, ನಾನೂ ಬಿಟ್ಟೆ."

ಇದು ಜಾಣತನದ ಮಾತು. ತಪ್ಪನ್ನು ಕೈ ಬದಲಾಯಿಸುವ ಮಾತು. ನಾನು ಇದಕ್ಕೆ ಸಿಕ್ಕಿಬೀಳಲಿಲ್ಲ.

"ಸರಿ, ಗೊತ್ತಿರಲಿಲ್ಲ. ಆ ದಿನ ಕೊಟ್ರಬಸಪ್ಪನವರನ್ನು ನಾನು ಬೈಯುತ್ತಿದ್ದಾಗ ಗೊತ್ತಾಗಲಿಲ್ಲವಾ? ನೀನು ಗೋಡೆಗೆ ಒರಗಿ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಅವರು ಎಣ್ಣೆ ಹೊಡೆಯುತ್ತಿರಲಿಲ್ಲ."

ಎಸರು ಉಕ್ಕಿ ಒಲೆಗೆ ಬಿತ್ತು. ಒರೆಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಿನ್ ಪೀಸು ಕೆಡಿಸಿದ್ದು ನಾನು ಅಂತ, ಬೇರೆಯೋರ ಮುಂದೆ, ಹೆಂಗೇ ಹೇಳ್ಲಿ?" ಎಂದಳು. "ಬಾಯಿ ಬರ್ಲಿಲ್ಲ ಕಣೆ. ಅಷ್ಟೇ. ಅದಕ್ಕೆ ನಾನು ತಪ್ಪಲ್ಲ ಅಂತ ಹೇಳಲ್ಲ."

ಹೂವು ಮುಟ್ಟಿದ್ದನ್ನು ಕ್ಷಮಿಸಬಹುದು. ಸುಮ್ಮನೆ ನಿಂತದ್ದನ್ನು ಆಗುವುದಿಲ್ಲ. ಇಬ್ಬರೂ ಉಣ್ಣಲಿಲ್ಲ.

ಮಾರ್ಚ್ 7

ಸಂಧ್ಯಾ ಹೋದಳು. ಬೆಂಗಳೂರಿನ ಕಡೆ ಯಾವುದೋ ಗಾರ್ಮೆಂಟ್ಸ್, ಊರಿನ ಹುಡುಗಿಯರು ಇದ್ದಾರಂತೆ. ನಾನು ಸ್ನಾನಕ್ಕೆ ಹೋದಾಗ ಹೋಗಿದ್ದಾಳೆ. ಉಳಿದ ಚೀಲಗಳನ್ನು ಮಡಿಸಿ, ಇಸ್ತ್ರಿ ಮಾಡಿಟ್ಟಂತೆ ಜೋಡಿಸಿದ್ದಾಳೆ. ಮೇಲೆ ಟ್ರಿಮ್ಮರು. ಮರೆತಳೋ, ಬಿಟ್ಟಳೋ.

"ಅಕೀನ್ನ ಯಾಕ ಬಿಟ್ಟಿ ತಂಗಿ?" ಎಂದು ಕೇಳಿದರು ಅನ್ನದಾನಮ್ಮ. "ಅಂಥಾ ಕೈ ನನ್ನ ಹಾಲಿನಾಗ ಒಂದೂ ಇಲ್ಲ."

ನಾನು ಬಿಡಲಿಲ್ಲ, ಅವಳೇ ಹೋದಳು ಎಂದೆ.

"ಹಂಗಾ," ಎಂದರು. ಪೆಡಲ್ ತುಳಿದರು.

ಮಾರ್ಚ್ 9. ಬೆಳುಗುಪ್ಪ

ಕೊಟ್ರಬಸಪ್ಪನವರಿಗೆ ಹೇಳಬೇಕೆಂದೇ ಹೋಗಿದ್ದೆ. ಅವರು ಕವಲು ಕಟ್ಟಿಗೆ ನಿಲ್ಲಿಸಿ ಭಾರದ ಕೊಂಬೆಗಳಿಗೆ ಆಸರೆ ಕೊಡುತ್ತಿದ್ದರು. "ಬರ್ರಿ" ಎಂದರು, ಎಂದಿನಂತೆಯೇ. ಮೇಡಮ್ಮರ ಎನ್ನಲಿಲ್ಲ. ಬಿಸಿಲಿನ ಬಗ್ಗೆ ಮಾತಾಡಿದೆವು. ಹೇಳುವುದಕ್ಕೆ ಬಾಯಿ ಬರಲಿಲ್ಲ.

ಮಾರ್ಚ್ 12

ಸರ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ತಯಾರಾಗಿದ್ದೆ. ಬೈಯಲಿಲ್ಲ. ಯುಗಾದಿ ಕಳೆದ ಮೇಲೆ ತಾನೇ ತೋಟ ನೋಡಲು ಬರುತ್ತೇನೆ ಎಂದರು. "ಅಷ್ಟರೊಳಗೆ ಸರಿ ಚೇಸ್ಕೋ ಅಮ್ಮಾ."

ಏನನ್ನು ಸರಿ ಮಾಡಿಕೊಳ್ಳುವುದು ಎಂದು ಕೇಳಿದೆ.

"ನಾನು ಬಂದಾಗ ಏನು ಕಾಣುತ್ತೋ ಅದನ್ನು ನಾನು ಬರೀತೀನಿ. ಬೇರೆ ಏನೂ ನಂಗೆ ಹೇಳಬೇಡ. ನೀನು ಈಗ ಹೇಳಿದ್ದೂ ನಾನು ಕೇಳಿಲ್ಲ."

ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಪ್ರಾಮಾಣಿಕತೆಯ ಮೇಲೆ ಪಾಠ ಹೇಳಿದ ಮನುಷ್ಯ. ಮೊದಲ ವರ್ಷ, ನನ್ನ ಒಂದು ಅಂಕಿ ತಪ್ಪಿದ್ದಕ್ಕೆ ಇಡೀ ಪುಟ ಹರಿದಿದ್ದರು. ಅಂದು ಅವರ ಮೇಲೆ ನನಗೆ ಸಿಟ್ಟಿನೊಂದಿಗೆ ಒಂದು ಬಗೆಯ ನೆಮ್ಮದಿಯೂ ಆಗಿತ್ತು. ಎಲ್ಲಿಯಾದರೂ ಒಂದು ಗೋಡೆ ಇದೆಯಲ್ಲ ಎಂಬ ನೆಮ್ಮದಿ. ಆ ಗೋಡೆಯೇ ಈಗ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಬೇರೆ ಕಡೆ ನೋಡುತ್ತಿದೆ. ಸಂಧ್ಯಾ, ಕೊಟ್ರಬಸಪ್ಪ, ಈಗ ಇವರು. ಒಬ್ಬೊಬ್ಬರೂ ನನ್ನ ಒಳ್ಳೆಯದಕ್ಕೆಂದೋ, ತಮ್ಮ ಮಾನಕ್ಕೆಂದೋ ನನ್ನ ಕಾಲ ಕೆಳಗಿಂದ ಒಂದೊಂದು ಕಲ್ಲು ತೆಗೆದರು. ನಾನು ಯಾರಿಗೂ ಏನನ್ನೂ ಮಾಡಿಲ್ಲ. ನಾನು ಹೂವು ನೋಡುತ್ತಿದ್ದೆ, ಅಷ್ಟೇ.

ಮಾಡುವುದಿಲ್ಲ. ಕಾಯಿ ಇದ್ದದ್ದು ಇದ್ದ ಹಾಗೆ ಇರಲಿ. ಬಂದು ನೋಡಲಿ.

ಮಾರ್ಚ್ 14

ಇನ್ನೊಂದು ಹೂಗಾಲ ಇಲ್ಲ. ಜೂನ್ ಇದೆ.

ಮಾರ್ಚ್ 16. ಬೆಳುಗುಪ್ಪ

ಕಿತ್ತಳೆ ದಾರದ ಚೀಲಗಳನ್ನು ಬಿಚ್ಚಿ ಕಾಯಿ ತೆಗೆದು, ಮತ್ತೆ ಕಟ್ಟಿದೆ. ಟ್ರಿಮ್ಮರು ಒಳ್ಳೆಯ ಹತಾರ, ತೊಟ್ಟು ಸಿಗಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಬಿಟ್ಟೆ, ತಾವಾಗಿ ಕಟ್ಟುವಷ್ಟು. ಒಂದು ವಾರಕ್ಕೆ ಗಾಯ ಒಣಗಿ, ಹೂವು ಉದುರಿದ ಜಾಗದಂತೆಯೇ ಕಾಣುತ್ತದೆ.

ಇದನ್ನು ತಿದ್ದುವುದು ಎನ್ನಲಾಗದು. ತಿದ್ದಿದವಳು ಅವಳು. ನಾನು ತೋಟವನ್ನು ಅದು ಇರಬೇಕಾಗಿದ್ದ ರೀತಿಗೆ ಮರಳಿಸಿದೆ. ಜೇನು ಇಲ್ಲದಿದ್ದರೆ ಕಾಯಿ ಇಲ್ಲ ಎಂಬುದು ನಿಜ. ನಿಜವನ್ನು ಕಾಣುವಂತೆ ಮಾಡಿದೆ.

ಕಿತ್ತ ಕಾಯಿಗಳನ್ನು ಹಾಳು ಬಾವಿಗೆ ಸುರಿದೆ. ಕಲ್ಲುಸಂದಿನಿಂದ ನಸರಿಯೊಂದು ಹೊರಗೆ ಬಂದು ನನ್ನ ಕೈಯ ಮೇಲೆ ಕೂತಿತು. ಕೈಗೆ ಕಾಯಿಯ ಒಗರು ಹತ್ತಿತ್ತು. ಒಂದಾದರೂ ಉಳಿದಿದೆಯಲ್ಲ ಎಂದು ಸಂತೋಷವಾಯಿತು.

ಮಾರ್ಚ್ 17

ಬೆಳಿಗ್ಗೆ ಚೆನ್ನಾಗಿ ನಿದ್ದೆ ಬಂದಿತ್ತು. ಅನ್ನದಾನಮ್ಮ ಎಬ್ಬಿಸಿ ಕಾಫಿ ಕೊಟ್ಟರು.

ಮಾರ್ಚ್ 23. ಬೆಳುಗುಪ್ಪ

ಸರ್ ಬಂದಿದ್ದರು. ಬಿಳಿ ಅಂಗಿ, ಹೊಸ ಟೋಪಿ. ಬಿಳಿ ದಾರದ ಸಾಲಿನಲ್ಲಿ ನಿಧಾನವಾಗಿ ನಡೆದು, ಕಾಯಿಗಳನ್ನು ಬೆರಳ ತುದಿಯಿಂದ ತಟ್ಟಿದರು. ಕಿತ್ತಳೆ ಸಾಲಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು.

"ಹಿಡಿ, ಫೋಟೋ ತೆಗೀತೀನಿ."

ಖಾಲಿ ಕೊಂಬೆಯೊಂದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಫೋನಿನಲ್ಲಿ ಬೆಳಕು ಸರಿಯಾಗಲು ಹೊತ್ತು ಹಿಡಿಯಿತು. ಕೊಟ್ರಬಸಪ್ಪ ಗಿಡದ ಆಚೆ ತಲೆ ಬಗ್ಗಿಸಿಕೊಂಡು ಡ್ರಿಪ್ ಪೈಪಿನ ಮಣ್ಣು ಕೆದರುತ್ತಿದ್ದರು. ನೋಡಲಿಲ್ಲ.

"ಎಣ್ಣೆ ಹೊಡೆದಿಲ್ಲ ತಾನೇ?" ಎಂದು ಸರ್ ಕೇಳಿದರು.

"ಇಲ್ಲ ಸರ್" ಎಂದೆ.

ಕೊಟ್ರಬಸಪ್ಪ ತಲೆ ಎತ್ತಿದರು. ಹೊಂಗೆಯಲ್ಲಿ ಒಣಗಿ ನೇತಾಡುತ್ತಿದ್ದ ಎರಿ ಅವರ ತಲೆಯ ಮೇಲೇ ಇತ್ತು. ಒಂದು ಮಾತು ಸಾಕಾಗಿತ್ತು, ಬಾವಿಯೊಳಗಿನ ಕಾಯಿ ಅವರು ನೋಡಿಯೇ ಇರುತ್ತಾರೆ, ಆ ಕಡೆ ಒಂದು ಸಲ ಬೆರಳು ತೋರಿಸಿದ್ದರೂ ಸಾಕಾಗಿತ್ತು. ಮತ್ತೆ ಪೈಪಿನ ಕಡೆ ಬಗ್ಗಿದರು. ಯಾಕೆ ಸುಮ್ಮನಿದ್ದರೋ ತಿಳಿಯಲಿಲ್ಲ. ಅವರಿಗೆ ನಾನು ಏನೂ ಆಗಬೇಕಿಲ್ಲ.

"ಬಾಗುಂದಿ" ಎಂದರು ಸರ್. ಚೆನ್ನಾಗಿದೆ. ಬರೆಯುವುದನ್ನು ಶುರು ಮಾಡು ಎಂದರು. ಕಾರಿನವರೆಗೆ ಹೋಗಿ ಬಿಟ್ಟು ಬಂದೆ.

ಮರಳಿ ಬಂದಾಗ ಕಿತ್ತಳೆ ಸಾಲು ಕಣ್ಣಿಗೆ ಬಿತ್ತು. ಅವಸರದಲ್ಲಿ ಕಟ್ಟಿದ್ದೆ. ಗಂಟು ಗಂಟಿಗೂ ದಾರದ ತುದಿ ಉದ್ದಕ್ಕೆ ನೇತಾಡುತ್ತಿತ್ತು, ಗಾಳಿಗೆ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತಿದ್ದವು. ಅಷ್ಟು ಹತ್ತಿರ ಬಗ್ಗಿ ನೋಡಿದರೂ ಸರ್‌ಗೆ ಕಂಡಿರಲಿಲ್ಲ. ಟ್ರಿಮ್ಮರು ನನ್ನ ಕುತ್ತಿಗೆಯಲ್ಲೇ ಇತ್ತು. ಕತ್ತರಿಸಲು ಕೈ ಹೋಯಿತು, ನಿಂತಿತು.

ನಿನ್ನ ಕಣ್ಣಿಗೆ ಬೀಳುತ್ತಿತ್ತು, ಸಂಧ್ಯಾ. ಈ ಕೊಂಬೆ ನಿನ್ನ ಟೇಬಲ್ಲಿಗೆ ಬಂದಿದ್ದರೆ ನನ್ನ ಹೆಸರು ಬರೆಯುತ್ತಿದ್ದೆಯಾ, ಇಲ್ಲ ಪಾಸ್ ಮಾಡುತ್ತಿದ್ದೆಯೇನೇ?